ಹೆಸರಿಲ್ಲದ ಚೌಕ

ಹೋದ ತಿಂಗಳು ಹೈದರಾಬಾದಿನಿಂದ ನನ್ನ ಹೆಸರಿಗೆ ಒಂದು ಪುಸ್ತಿಕೆ ಬಂತು. ಅಲ್ಲಿಯ ಒಬ್ಬ ದೊಡ್ಡ ಡಾಕ್ಟರರು ನಿವೃತ್ತರಾದರಂತೆ, ಅವರ ಶಿಷ್ಯರು ಸೇರಿ ಅಚ್ಚು ಹಾಕಿಸಿದ್ದು. ಮುಂದಿನ ಪುಟಗಳಲ್ಲಿ ಹಾರ, ಶಾಲು, ಫೋಟೋ. ಹಿಂದಿನ ಪುಟಗಳಲ್ಲಿ ಅವರು ಬರೆದ ಸಂಶೋಧನಾ ಲೇಖನಗಳ ಪಟ್ಟಿ, ಒಟ್ಟು ನಲವತ್ತೊಂದು. ನುಂಗಿದ ಔಷಧಿ ಮೈಯೊಳಗೆ ಹೋಗಿ ಏನಾಗುತ್ತದೆ, ಒಂದೇ ಗುಳಿಗೆ ಒಬ್ಬನನ್ನು ಬದುಕಿಸಿ ಇನ್ನೊಬ್ಬನನ್ನು ಕೊಲ್ಲುವುದು ಯಾಕೆ, ಆ ದೋಷ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆ ಎನ್ನುವುದು ಅವರ ವಿಷಯ. ಪಟ್ಟಿಯಲ್ಲಿ ಒಂಬತ್ತರಿಂದ ಹದಿಮೂರರವರೆಗಿನ ಐದು, ಆಮೇಲೆ ಇಪ್ಪತ್ತೆಂಟನೆಯದು, ಹೀಗೆ ಆರು ಲೇಖನಗಳು ನಮ್ಮ ಸೇಡಂ ತಾಲ್ಲೂಕಿನ ಜನರ ರಕ್ತದಿಂದ ಹುಟ್ಟಿದವು. ನನಗೆ ಗೊತ್ತು, ಆ ರಕ್ತದ ಬಾಟಲಿಗಳಿಗೆ ಚೀಟಿ ಅಂಟಿಸಿದವನು ನಾನೇ.

ಡಾಕ್ಟರರ ಹೆಸರು ನಾನು ಹೇಳುವುದಿಲ್ಲ. ಅವರು ನಮ್ಮ ಹೆಸರು ಹಾಕಲಿಲ್ಲವೆಂಬ ಸಿಟ್ಟಿಗೆ ಅಂದುಕೊಂಡರೂ ಅಡ್ಡಿಯಿಲ್ಲ. ಹೇಳಬೇಕಾದ ಹೆಸರು ಬೇರೆ ಇದೆ, ಮಜೀದಸಾಬ. ಅವನು ಸತ್ತು ಮೂರು ವರ್ಷವಾಯಿತು. ಎದುರಿಗಿದ್ದಾಗ 'ರಿ' ಹಚ್ಚಿಯೇ ಮಾತಾಡಿಸುತ್ತಿದ್ದೆ; ಬರೆಯುವಾಗ ಗೆಳೆಯನೆಂಬ ಸಲುಗೆ ತೆಗೆದುಕೊಳ್ಳುತ್ತೇನೆ.

ಮಜೀದಸಾಬ ಚಿತ್ತಾಪುರದವನು. ಅಪ್ಪ ಶಹಾಬಾದಿನಲ್ಲಿ ಹಾಸುಗಲ್ಲು ಕಡಿಯುತ್ತಿದ್ದ. ಮಗ ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಸಾವಿರದ ಒಂಬೈನೂರ ಅರವತ್ತರಲ್ಲಿ ಮಲೇರಿಯಾ ಕೆಲಸಕ್ಕೆ ಸೇರಿದ. ಕೆಲಸವೆಂದರೆ ಸೈಕಲ್ಲು, ಖಾಕಿ ಚೀಲ, ಹದಿನೈದು ದಿನಕ್ಕೊಮ್ಮೆ ತನ್ನ ಪಾಲಿನ ಪ್ರತಿ ಹಳ್ಳಿಯ ಪ್ರತಿ ಮನೆ. ಜ್ವರ ಬಂದವರು ಯಾರಾದರೂ ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆಯುವುದು. ಆ ಗಾಜು ಸೇಡಂನ ನಮ್ಮ ಆಫೀಸಿಗೆ ಬರುತ್ತಿತ್ತು. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ನೋಡುತ್ತಿದ್ದವನು ನಾನು, ಬಸವಂತರಾಯ. ರಕ್ತದಲ್ಲಿ ಮಲೇರಿಯಾ ಕಂಡರೆ ಹೆಸರು ಬರೆದು ಕೊಡುತ್ತಿದ್ದೆ. ಮಜೀದಸಾಬ ಆ ಮನೆಗೆ ಮತ್ತೆ ಹೋಗಿ ಐದು ದಿನ ಗುಳಿಗೆ ನುಂಗಿಸಿ ಬರುತ್ತಿದ್ದ. ಬಾಗಿಲ ಪಕ್ಕದ ಗೋಡೆಯ ಮೇಲೆ ಇಲಾಖೆಯವರು ಬರೆಸಿದ ಚೌಕಟ್ಟಿನಲ್ಲಿ ಬಂದ ದಿನ ಬರೆದು ಸಹಿ ಹಾಕುತ್ತಿದ್ದ.

ಬೇರೆಯವರು ಐದು ದಿನದ ಗುಳಿಗೆ ಒಮ್ಮೆಲೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಜನ ಅವನ್ನು ತಿಪ್ಪೆಗೆ ಎಸೆಯುತ್ತಿದ್ದರು. ಮಜೀದಸಾಬನ ಮುಂದೆ ಆ ಆಟ ನಡೆಯುತ್ತಿರಲಿಲ್ಲ. ಐದು ದಿನವೂ ತಾನೇ ಹೋಗಿ, ನೀರು ಕುಡಿಸಿ, "ಬಾಯಿ ತೆಗಿ, ನಾಲಿಗಿ ಎತ್ತು" ಎಂದು ಬೆರಳು ಹಾಕಿ ನೋಡುತ್ತಿದ್ದ. ಜನ ಅವನಿಗೆ ಗುಳಿಗಿ ಸಾಬ ಎಂದೇ ಹೆಸರಿಟ್ಟಿದ್ದರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಜಂಬವಿತ್ತು. ಅವನ ಪಾಲಿನ ಹಳ್ಳಿಗಳಲ್ಲಿ ಅರ್ಧಕ್ಕೆ ಬಿಟ್ಟ ಒಂದು ಹೆಸರೂ ಸಿಗುವುದಿಲ್ಲವೆಂದು ನಾನೂ ಮೇಲಿನವರ ಮುಂದೆ ಹೊಗಳಿದ್ದುಂಟು.

ಅರವತ್ಮೂರರ ಮಳೆಗಾಲದಲ್ಲಿ ಆಡಕಿಯ ಹತ್ತಿರದ ಒಂದು ಹಳ್ಳಿಯಲ್ಲಿ ಖಂಡೆಪ್ಪನೆಂಬ ಒಕ್ಕಲಿಗನ ಮಗನಿಗೆ ಜ್ವರ ಬಂತು. ಹುಡುಗನ ಹೆಸರು ರಾಮಲಿಂಗ, ಹನ್ನೊಂದು ವರ್ಷ. ಗಾಜು ನೋಡಿ ಮಲೇರಿಯಾ ಎಂದು ಬರೆದೆ. ಮಜೀದಸಾಬ ಗುಳಿಗೆ ಶುರು ಮಾಡಿದ. ಎರಡು ದಿನಕ್ಕೆ ಜ್ವರ ಇಳಿಯಿತು. ಮೂರನೆಯ ದಿನ ಹುಡುಗನ ಕಣ್ಣು ಹಳದಿಯಾಗಿತ್ತು. ನಾಲ್ಕನೆಯ ದಿನ ಸೈಕಲ್ಲು ನಿಲ್ಲಿಸುವ ಮೊದಲೇ ತಾಯಿ ಭೀಮಬಾಯಿ ಅಡ್ಡ ನಿಂತಳು.

"ಇವತ್ತ ಬ್ಯಾಡ್ರಿ ಸಾಬ್ರ. ಉಚ್ಚಿ ಕರೀ ಚಹಾದಂಗ ಬರಾಕತ್ತದ."

"ಅದು ಜ್ವರದ ವಿಷ ತಂಗೆವ್ವ, ಹೋಗಾಕತ್ತದ. ನಡುವ ಬಿಟ್ರ ಮತ್ತ ಮರಳಿ ಬರ್ತದ. ಇನ್ನ ಎರಡ ದಿನ."

ಹುಡುಗ ಬಾಯಿ ಬಿಗಿಹಿಡಿದ. ಮಜೀದಸಾಬ ಅವನ ಮೂಗು ಹಿಡಿದು ಬಾಯಿ ತೆರೆಸಿ ನುಂಗಿಸಿದ. ಗೋಡೆಯ ಮೇಲೆ ಸಹಿ ಹಾಕಿದ. ಐದನೆಯ ದಿನ ಅವನು ಹೋದಾಗ ಹುಡುಗನಿಗೆ ನುಂಗಲು ಶಕ್ತಿ ಇರಲಿಲ್ಲ. ಎತ್ತಿನ ಬಂಡಿಯಲ್ಲಿ ಸೇಡಂಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು. ಆಸ್ಪತ್ರೆಯಲ್ಲಿ ಕಾಮಣಿಯಿಂದ, ಅಂದರೆ ಕಾಮಾಲೆಯಿಂದ, ಸಾವು ಎಂದು ಬರೆದರು.

ಆಮೇಲೆ ಒಂದು ತಿಂಗಳು ಮಜೀದಸಾಬ ನನ್ನ ಕೋಣೆಗೆ ಬಂದು ಗಾಜುಗಳನ್ನು ಇಟ್ಟು ಕೂರದೆ ಹೋಗುತ್ತಿದ್ದ. ಕಾಮಣಿ ಯಾರಿಗೆ ಬೇಕಾದರೂ ಬರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವನು ನನ್ನ ಮುಖ ನೋಡಿ, "ಆಕಿ ಬ್ಯಾಡಂದಿದ್ಲು ರಾಯ್ರ" ಅಂದ.

ಬೇರೆ ಯಾರಾದರೂ ಆ ಹಳ್ಳಿಯನ್ನು ಬದಲಾಯಿಸಿಕೊಳ್ಳುತ್ತಿದ್ದರು. ಇವನು ಆ ಮನೆಗೇ ಮತ್ತೆ ಹೋದ. ಖಂಡೆಪ್ಪ ಹೊಡೆಯಲು ಬಂದ. ಭೀಮಬಾಯಿಯ ತಾಯಿ ಗುಂಡಮ್ಮ, ಮುದುಕಿ, ಕಟ್ಟೆಯ ಮೇಲೆ ಕೂತಿದ್ದವಳು, ಅಳಿಯನನ್ನು ತಡೆದು ಒಂದು ಮಾತು ಹೇಳಿದಳು. ಅವಳ ಅಣ್ಣನೊಬ್ಬ ಎರಡನೆಯ ದೊಡ್ಡ ಲಡಾಯಿಯ ಕಾಲದಲ್ಲಿ ವಾಡಿಯಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದ. ಅಲ್ಲಿ ಜ್ವರದ ಗುಳಿಗೆ ಕೊಟ್ಟಿದ್ದರು. ಅವನೂ ಕಪ್ಪು ಉಚ್ಚೆ ಹೊಯ್ದು, ಹಳದಿಯಾಗಿ ಸತ್ತಿದ್ದ. ಅಂದೇ ಮಜೀದಸಾಬ ಒಂದು ನೋಟುಬುಕ್ಕು ಕೊಂಡ.

ನಮ್ಮ ಫಾರಮ್ಮಿನಲ್ಲಿ ತಂದೆಯ ಹೆಸರಿಗೆ ಒಂದು ಕಾಲಂ ಇತ್ತು, ತಾಯಿಯದಕ್ಕೆ ಇರಲಿಲ್ಲ. ಇವನು ತನ್ನ ನೋಟುಬುಕ್ಕಿನಲ್ಲಿ ತವರು ಎಂದು ಒಂದು ಕಾಲಂ ಹಾಕಿಕೊಂಡ. ಯಾರಿಗೆ ಗುಳಿಗೆ ಕೊಟ್ಟರೂ ಮೂರನೆಯ ದಿನ ಉಚ್ಚೆಯ ಬಣ್ಣ ಕೇಳುತ್ತಿದ್ದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಗಂಡಸರು ಬೈಯುತ್ತಿದ್ದರು. ಬಣ್ಣ ಕಪ್ಪಾಗಿದೆ ಎಂದರೆ ಗುಳಿಗೆ ಅಲ್ಲಿಗೇ ನಿಲ್ಲಿಸಿ, ತಾಯಿಯ ತವರು ಯಾವುದು, ಅವಳ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ವಿಚಾರಿಸಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದ. ಮೂರು ವರ್ಷಕ್ಕೆ ಹನ್ನೊಂದು ಮನೆ ಸಿಕ್ಕವು, ಅದರಲ್ಲಿ ಎರಡು ಮುಸಲ್ಮಾನರವು.

ನಾನು ಹೈದರಾಬಾದಿಗೆ ತರಬೇತಿಗೆ ಹೋಗಿದ್ದಾಗ ಪಾಠ ಹೇಳಿದ್ದ ಆ ಡಾಕ್ಟರರಿಗೆ ಈ ನೋಟುಬುಕ್ಕಿನ ವಿಷಯ ಬರೆದೆ. ವಾರದೊಳಗೆ ಬಂದಿಳಿದರು. ಗೆಳೆಯರು ಕರೆದರೂ ಎರಡು ದಿನ ಬಿಡುವು ಸಿಗದ ಮನುಷ್ಯ ಇಪ್ಪತ್ತು ದಿನ ಸೇಡಂನಲ್ಲಿ ಉಳಿದರು. ಒಳ್ಳೆಯವರೇ, ಅದನ್ನು ಅಲ್ಲಗಳೆಯುವುದಿಲ್ಲ. ಹಳ್ಳಿಯವರ ಮನೆಯಲ್ಲಿ ಕೂತು ರೊಟ್ಟಿ ತಿಂದರು. ರಕ್ತಕ್ಕೆ ಒಂದು ನೀಲಿ ಬಣ್ಣ ಬೆರೆಸಿ ಬಿಸಿನೀರಿನಲ್ಲಿ ಇಡುವುದನ್ನು ನನಗೆ ಕಲಿಸಿದರು. ಒಳ್ಳೆಯ ರಕ್ತ ಸ್ವಲ್ಪ ಹೊತ್ತಿನಲ್ಲಿ ಆ ನೀಲಿಯನ್ನು ಕಳೆದುಬಿಡುತ್ತದೆ. ದೋಷದ ರಕ್ತದಲ್ಲಿ ನೀಲಿ ಹಾಗೇ ಉಳಿಯುತ್ತದೆ.

ಖಂಡೆಪ್ಪನ ಮನೆಯಲ್ಲಿ ಡಾಕ್ಟರರಿಗೆ ಗೊಂದಲವಾಯಿತು. ಭೀಮಬಾಯಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಖಂಡೆಪ್ಪ ಗುಂಡಮ್ಮನ ಕೊನೆಯ ತಮ್ಮ. ಹಾಗಾದರೆ ದೋಷ ತಂದೆಯಿಂದ ಬಂತೋ ತಾಯಿಯಿಂದಲೋ ಎಂದು ಅವರು ಪೆನ್ನು ಕಚ್ಚುತ್ತ ಕೂತರು.

"ಖಂಡೆಪ್ಪ ಅದೇ ಗುಳಿಗಿ ಐದೂ ದಿನ ನುಂಗ್ಯಾನ್ರಿ, ನಾನೇ ನುಂಗಿಸೀನಿ. ಏನೂ ಆಗಿಲ್ಲ," ಅಂದ ಮಜೀದಸಾಬ. "ಇದು ಹೆಣಮಕ್ಕಳ ಕಡೀಂದ ಬರ್ತದ್ರಿ. ಅವರಿಗಿ ಏನೂ ಆಗೂದಿಲ್ಲ. ಅವರ ಹೊಟ್ಟೀಲೆ ಹುಟ್ಟಿದ ಗಂಡಮಕ್ಕಳು ಸಾಯ್ತಾವ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಆಮೇಲೆ ಅವನ ನೋಟುಬುಕ್ಕು ಕೇಳಿ ಇಸಿದುಕೊಂಡರು. ತಿರುಗಿ ಕಳಿಸುತ್ತೇನೆ ಎಂದರು. ಕಳಿಸಲಿಲ್ಲ.

ಭೀಮಬಾಯಿಗೆ ಇನ್ನೊಬ್ಬ ಮಗ ಉಳಿದಿದ್ದ, ಪೀರಪ್ಪ. ಆಗ ಆರು ವರ್ಷ. ಅವನ ರಕ್ತದ ಬಾಟಲಿ ಹದಿನಾಲ್ಕನೆಯ ನಂಬರಿನದು. ಬಿಸಿನೀರಿನಲ್ಲಿ ಮಧ್ಯಾಹ್ನದವರೆಗೆ ಇಟ್ಟರೂ ನೀಲಿ ಹೋಗಲಿಲ್ಲ. ಮಜೀದಸಾಬ ನನ್ನ ಮೇಜಿನ ಪಕ್ಕದಲ್ಲೇ ನಿಂತು ಆ ಬಾಟಲಿಯನ್ನು ನೋಡುತ್ತಿದ್ದ. ಡಾಕ್ಟರರು ರೈಲು ಹತ್ತುವ ದಿನ ಅವನು ಅವರ ಮುಂದೆ ಕೈ ಕಟ್ಟಿ ನಿಂತ.

"ನನಗ ಏನೂ ಬ್ಯಾಡ್ರಿ. ಈ ಮನಿತನದವರಿಗಿ ಈ ಗುಳಿಗಿ ಕೊಡಬಾರ್ದು ಅಂತ ಒಂದ ಕಾಗದ ಬೇಕು. ಆ ಹುಡುಗನ ಹೆಸರು ಹಾಕಿ."

ಮೊದಲು ಲೇಖನ ಅಚ್ಚಾಗಲಿ, ಆಗ ಸರ್ಕಾರವೇ ಆದೇಶ ಹೊರಡಿಸುತ್ತದೆ ಎಂದರು ಡಾಕ್ಟರರು. ಹೆಸರು ಮಾತ್ರ ಹಾಕಲಾಗುವುದಿಲ್ಲ, ರೋಗಿಯ ಹೆಸರು ಹೊರಗೆ ಬಿಡಬಾರದೆಂಬುದು ಸಂಶೋಧನೆಯ ನಿಯಮ ಎಂದರು. ನಿಯಮ ಒಳ್ಳೆಯದೇ. ಅದನ್ನು ಮಾಡಿದವರಿಗೆ ಪೀರಪ್ಪ ಗೊತ್ತಿರಲಿಲ್ಲ.

ಎರಡು ವರ್ಷಕ್ಕೆ ಮೊದಲ ಲೇಖನ ಅಚ್ಚಾಗಿ ಬಂತು, ನುಣುಪು ಕಾಗದ, ಇಂಗ್ಲಿಷು. ಕೊನೆಗೆ ಸ್ಥಳೀಯ ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಎಂದಿತ್ತು. ಸ್ಥಳೀಯ ಸಿಬ್ಬಂದಿ ಎಂದರೆ ನಾವೇ. ಒಂದು ಪುಟದಲ್ಲಿ ಮನೆತನದ ನಕ್ಷೆ ಇತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ದೋಷವಿದ್ದ ಗಂಡಸರ ಚೌಕಕ್ಕೆ ಕಪ್ಪು ತುಂಬಿದ್ದರು. ಸತ್ತವರ ಮೇಲೆ ಓರೆಯಾಗಿ ಒಂದು ಗೆರೆ. ನಾನು ಇಷ್ಟು ಹೇಳಿಕೊಟ್ಟಿದ್ದೇ ತಡ, ಒಂದಕ್ಷರ ಇಂಗ್ಲಿಷು ಬಾರದ ಮಜೀದಸಾಬ ಬೆರಳಿಟ್ಟು ಓದತೊಡಗಿದ. ಇದು ಗುಂಡಮ್ಮ, ಇದು ವಾಡಿಯಲ್ಲಿ ಸತ್ತವನು, ಇದು ಭೀಮಬಾಯಿ. ಗೆರೆ ಎಳೆದ ಕಪ್ಪು ಚೌಕದ ಮೇಲೆ ಬೆರಳು ನಿಂತಿತು. ಅದು ರಾಮಲಿಂಗ. ಅದರ ಪಕ್ಕದಲ್ಲೇ ಇನ್ನೊಂದು ಕಪ್ಪು ಚೌಕ, ಕೆಳಗೆ ಹದಿನಾಲ್ಕು.

"ಇದಕ ಗೆರಿ ಇಲ್ಲಲ್ಲ ರಾಯ್ರ?"

"ಇಲ್ರಿ. ಅದು ಪೀರಪ್ಪ. ಬದುಕ್ಯಾನಲ್ಲ."

"ಇದಕ ಗೆರಿ ಬರಬಾರ್ದು ನೋಡ್ರಿ," ಅಂದ. "ನನ್ನ ನೌಕರಿ ಇರೂದು ಇದಕ್ಕ."

ಮತ್ತೆ ಲೇಖನಗಳು ಬಂದವು, ಎರಡು, ಮೂರು, ಐದು. ಆದೇಶ ಮಾತ್ರ ನಮ್ಮ ಆಫೀಸಿಗೆ ಬರಲಿಲ್ಲ. ಮಜೀದಸಾಬ ವರ್ಷಕ್ಕೊಂದು ಅರ್ಜಿ ಹಾಕಿದ, ನಾನು ಬರೆದುಕೊಟ್ಟೆ. ಪರಿಶೀಲನೆಯಲ್ಲಿದೆ ಎಂದು ಎರಡು ಸಲ ಉತ್ತರ ಬಂತು, ಆಮೇಲೆ ಅದೂ ಇಲ್ಲ. ಕೊನೆಗೆ ಅವನು ತನ್ನದೇ ಒಂದು ದಾರಿ ಮಾಡಿಕೊಂಡ. ಆ ಹನ್ನೊಂದು ಮನೆಗಳ ಗೋಡೆಯ ಚೌಕಟ್ಟಿನ ಪಕ್ಕದಲ್ಲಿ ಡಾಂಬರಿನಿಂದ ಒಂದು ಕಪ್ಪು ಬೊಟ್ಟು ಇಟ್ಟ. ತನ್ನ ಜೊತೆಯ ಕೆಲಸಗಾರರಿಗೆಲ್ಲ ಆ ಬೊಟ್ಟಿನ ಅರ್ಥ ಹೇಳಿದ. ಹಬ್ಬಕ್ಕೆ ಸುಣ್ಣ ಹೊಡೆದಾಗ ಬೊಟ್ಟು ಮಾಸಿದರೆ ಮರುದಿನವೇ ಡಬ್ಬಿ ಹಿಡಿದುಕೊಂಡು ಹೋಗುತ್ತಿದ್ದ. ರಾಮಲಿಂಗ ಸತ್ತ ಮೇಲೆ ಹತ್ತು ಹನ್ನೆರಡು ವರ್ಷ ಆ ಮನೆಗಳಲ್ಲಿ ಆ ಗುಳಿಗೆಯಿಂದ ಒಬ್ಬರೂ ಸಾಯಲಿಲ್ಲ. ಭೀಮಬಾಯಿ ಅವನಿಗೆ ನೀರು ಕೊಡಲು ಶುರು ಮಾಡಿದ್ದು ಐದನೆಯ ವರ್ಷದಲ್ಲಿ. ಎಂಟನೆಯ ವರ್ಷ ಚಹಾ ಕೊಟ್ಟಳು. ಆ ದಿನ ಅವನು ನನ್ನ ಕೋಣೆಗೆ ಬಂದು ಅದನ್ನು ಎರಡು ಸಲ ಹೇಳಿ ಹೋದ.

ಎಪ್ಪತ್ತೈದರಲ್ಲಿ ಮಜೀದಸಾಬನಿಗೆ ಚಿಂಚೋಳಿಗೆ ವರ್ಗವಾಯಿತು. ಅದರ ಮರುವರ್ಷ ಪೀರಪ್ಪ ವಾಡಿಯ ಕಡೆಗೆ ಕೆಲಸಕ್ಕೆ ಹೊರಟ, ಕಲ್ಲು ತೆಗೆಸುವ ಒಬ್ಬ ಗುತ್ತಿಗೆದಾರನ ಕ್ಯಾಂಪಿಗೆ. ಎಲ್ಲೆಲ್ಲೂ ಮಲೇರಿಯಾ ಮತ್ತೆ ತಲೆಯೆತ್ತಿದ್ದ ಕಾಲ ಅದು. ಕ್ಯಾಂಪಿನಲ್ಲಿ ತಗಡಿನ ಶೆಡ್ಡುಗಳು. ಬೊಟ್ಟು ಇಡಲು ಗೋಡೆಯೇ ಇಲ್ಲ.

ಹುಡುಗ ಹೊರಡುವ ಹಿಂದಿನ ದಿನ ಮಜೀದಸಾಬ ಚಿಂಚೋಳಿಯಿಂದ ಬಸ್ಸಿಗೆ ಬಂದು ನನ್ನ ಕೋಣೆಯಲ್ಲಿ ಕೂತ. ಮೊದಲ ಲೇಖನದ ಪ್ರತಿಯನ್ನು ಅರಿವೆಯಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟ.

"ಒಂದ ಚೀಟಿ ಬರದುಕೊಡ್ರಿ ರಾಯ್ರ. ಇವಗ ಆ ಗುಳಿಗಿ ನಡೂದಿಲ್ಲ ಅಂತ. ಮ್ಯಾಲ ಆಫೀಸಿನ ಸಿಕ್ಕಾ-ಮುದ್ರಿ ಹೊಡೀರಿ."

"ನಾ ಡಾಕ್ಟರಲ್ರಿ. ಸಿಕ್ಕಾ ಹೊಡದ್ರ ನನ್ನ ಕೇಳ್ತಾರ," ಅಂದೆ.

"ಹಂಗಾರ ಈ ಚೌಕದ ಬಾಜೂಕ ಅವನ ಹೆಸರರ ಬರೀರಿ. ಇಂಗ್ಲಿಷಿನಾಗ. ಈ ಕಾಗದನ ಹುಡುಗನ ಕೈಯಾಗ ಕೊಡ್ತೀನಿ. ದೊಡ್ಡ ಡಾಕ್ಟರ್ ಅಚ್ಚು ಹಾಕಿಸಿದ್ದು ಅಂದ್ರ ನಂಬತಾರ."

ನಾನು ನಕ್ಕೆ. ಖರೇ ಹೇಳುತ್ತೇನೆ, ನಕ್ಕೆ.

"ಅಚ್ಚಾದ ಕಾಗದದ ಮ್ಯಾಲ ಕೈಲೆ ಬರದ್ರ ಅದರ ಕಿಮ್ಮತ್ತೇ ಹೋಗ್ತದ್ರಿ. ನಾವೇ ಏನೋ ಗೀಚೀವಿ ಅಂತಾರ. ಹಂಗೇ ಕೊಡ್ರಿ, ಅದರ ತೂಕ ಭಾಳ."

ನಮ್ಮ ಕಡೆ ಅಚ್ಚಿನ ಅಕ್ಷರಕ್ಕೆ ಎಂಥ ಮರ್ಯಾದೆ ಎಂದರೆ, ಲಗ್ನಪತ್ರಿಕೆಯನ್ನೂ ಹರಿದೊಗೆಯುವುದಿಲ್ಲ. ಮಜೀದಸಾಬನಿಗೂ ನನ್ನ ಮಾತು ಸರಿ ಕಂಡಿತು. ಕಾಗದವನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಹೋದ. ನನ್ನ ಜೇಬಿನಲ್ಲಿ ಪೆನ್ನು ಇತ್ತು. ಮೂರಕ್ಷರದ ಹೆಸರು.

ಎಪ್ಪತ್ತೇಳರಲ್ಲಿ ಕ್ಯಾಂಪಿಗೆ ಜ್ವರ ಬಂತು. ಇದ್ದವರಿಗೆಲ್ಲ, ಜ್ವರವಿರಲಿ ಇಲ್ಲದಿರಲಿ, ಸಾಲಾಗಿ ನಿಲ್ಲಿಸಿ ಐದು ದಿನದ ಗುಳಿಗೆ ಶುರು ಮಾಡಿದರು. ಇದನ್ನು ನನಗೆ ಹೇಳಿದವನು ಬಂದೇನವಾಜ್. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದವನು, ಆ ಕ್ಯಾಂಪಿನಲ್ಲಿ ಗುಳಿಗೆ ಹಂಚಿದವನು. ಆಮೇಲೆ ಆರು ತಿಂಗಳಿಗೆ ಗಾಜು ನೋಡುವುದನ್ನು ಕಲಿಯಲು ನನ್ನ ಹತ್ತಿರ ಬಂದಿದ್ದ. ಮಾತಿನ ನಡುವೆ ತಾನಾಗಿಯೇ ಬಾಯಿಬಿಟ್ಟ.

"ಒಬ್ಬ ಹುಡುಗ ಒಲ್ಲೆ ಅಂತ ನಿಂತಿದ್ದನ್ರಿ. ನಮ್ಮಣ್ಣ ಇದರಿಂದನ ಸತ್ತಾನ ಅಂದ. ಗುತ್ತಿಗೆದಾರನ ಮುಕಾದಮ, ಒಬ್ಬನ್ನ ಬಿಟ್ರ ನಾಳಿ ಎಲ್ಲಾರೂ ಒಲ್ಲೆ ಅಂತಾರ, ನುಂಗಲಿಲ್ಲಂದ್ರ ಕ್ಯಾಂಪ್ ಬಿಡು ಅಂದ. ಹುಡುಗ ಅಂಗಿಯೊಳಗಿಂದ ಒಂದ ಇಂಗ್ಲಿಷ್ ಕಾಗದ ತೆಗದ. ನನಗ ತಿಳೀಲಿಲ್ಲ. ಜೀಪಿನಾಗ ಬಂದ ಡಾಕ್ಟರಿಗಿ ತೋರಿಸ್ದೆ. ಅವರು ತಿರುವಿ ನೋಡಿ, ಇದು ಯಾರದೋ ಹದಿನಾಲ್ಕನೆ ನಂಬರಿಂದು, ಇದ್ರಾಗ ನಿನ್ನ ಹೆಸರೆಲ್ಲದ ಅಂದ್ರು. ಈ ಕರೀ ಚೌಕ ನಾನೇರಿ ಅಂದ ಹುಡುಗ. ಎಲ್ಲಾರೂ ನಕ್ರು."

ಬಂದೇನವಾಜ್ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಹೆಸರಿದ್ರ ನಾ ಕೊಡ್ತಿದ್ದಿಲ್ರಿ, ಖುದಾ ಕಸಮ್."

ಮೂರನೆಯ ದಿನ ಕಪ್ಪು ಉಚ್ಚೆ ಶುರುವಾಯಿತಂತೆ. ಪೀರಪ್ಪನಿಗೆ ಅದು ಏನೆಂದು ಗೊತ್ತಿತ್ತು. ಶೆಡ್ಡಿನಲ್ಲಿ ಮಲಗಿ, ನನ್ನನ್ನು ಊರಿಗೆ ಮುಟ್ಟಿಸಿರಿ ಎಂದು ಬೇಡಿದನಂತೆ. ಐದು ದಿನದ ಮೇಲೆ ಕಲ್ಲಿನ ಲಾರಿಯಲ್ಲಿ ಅವನ ಹೆಣ ಊರಿಗೆ ಬಂತು. ಹದಿನೇಳು ವರ್ಷ. ಅಂಗಿಯ ಜೇಬಿನಲ್ಲಿ ಆ ಕಾಗದ ಮಡಚಿದ್ದು ಹಾಗೇ ಇತ್ತು.

ಮಜೀದಸಾಬ ಚಿಂಚೋಳಿಯಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ಭೀಮಬಾಯಿ ಅಳಲಿಲ್ಲ, ಬೈಯಲಿಲ್ಲ. ಕಾಗದವನ್ನು ಅವನ ಮುಂದೆ ಹಿಡಿದು, "ಇದ್ರಾಗ ನನ್ನ ಮಗನ ಹೆಸರೆಲ್ಲದ ತೋರಸ್ರಿ ಸಾಬ್ರ" ಎಂದಳು. ಕ್ಯಾಂಪಿನವರು ಅವಳಿಗೆ ಅಷ್ಟು ಹೇಳಿ ಹೋಗಿದ್ದರು. ಅವನು ಆ ಮನೆಯ ಗೋಡೆಗೆ ಒರಗಿ ಕೂತವನು ಬಹಳ ಹೊತ್ತು ಏಳಲಿಲ್ಲ. ಇದನ್ನು ಅವನೇ ನನಗೆ ಹೇಳಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಬಂದೇನವಾಜ್ ಹೇಳಿದ್ದನ್ನು ನಾನೂ ಅವನಿಂದ ಮುಚ್ಚಿಡಲಿಲ್ಲ. ಕೇಳಿಸಿಕೊಂಡು ಎದ್ದು ಹೋದ.

ನಾನು ಡಾಕ್ಟರರಿಗೆ ಸಿಟ್ಟಿನಿಂದ ಒಂದು ಪತ್ರ ಬರೆದೆ. ಹದಿನಾಲ್ಕನೆಯ ನಂಬರು ಸತ್ತಿದೆ ಎಂದೆ. ಅವರು ಬಹಳ ನೊಂದು ಉತ್ತರ ಬರೆದರು. ಎಷ್ಟು ಗುಳಿಗೆ ನುಂಗಿದ್ದ, ಯಾವ ದಿನ ಉಚ್ಚೆಯ ಬಣ್ಣ ಬದಲಾಯಿತು, ತಿಳಿಸಬೇಕೆಂದು ಕೊನೆಯಲ್ಲಿ ಕೇಳಿದ್ದರು. ನಾನು ತಿಳಿಸಿದೆ. ಯಾಕೆ ತಿಳಿಸಿದೆನೋ ಇವತ್ತಿಗೂ ಗೊತ್ತಿಲ್ಲ, ಇಪ್ಪತ್ತು ವರ್ಷ ಕೇಳಿದ್ದಕ್ಕೆ ಉತ್ತರ ಬರೆದು ರೂಢಿಯಾದ ಕೈ. ಎಪ್ಪತ್ತೊಂಬತ್ತರಲ್ಲಿ ಪಟ್ಟಿಯ ಇಪ್ಪತ್ತೆಂಟನೆಯ ಲೇಖನ ಬಂತು. ಅದೇ ನಕ್ಷೆ. ಎರಡನೆಯ ಕಪ್ಪು ಚೌಕಕ್ಕೂ ಈಗ ಓರೆಗೆರೆ ಇತ್ತು, ಚೆನ್ನಾಗಿ ಅಳತೆಪಟ್ಟಿ ಹಿಡಿದು ಎಳೆದದ್ದು.

ಅದನ್ನು ಒಂದು ತಿಂಗಳು ಮೇಜಿನ ಖಾನೆಯಲ್ಲಿ ಬಚ್ಚಿಟ್ಟೆ. ಒಂದು ದಿನ ಮಧ್ಯಾಹ್ನ ಮಜೀದಸಾಬ ಬಂದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಹೊಸ ಕಾಗದ ಬಂದಿದೆಯಂತಲ್ಲ ಎಂದು ಕೇಳಿದ, ಬಂದೇನವಾಜ್ ಹೇಳಿರಬೇಕು. ತೆಗೆದುಕೊಟ್ಟೆ. ಅವನಿಗೆ ಪುಟ ಹುಡುಕಿಕೊಡುವುದು ಬೇಕಾಗಲಿಲ್ಲ. ಹದಿನಾಲ್ಕರ ಮೇಲೆ ಬೆರಳಿಟ್ಟು, ಆ ಗೆರೆಯ ಉದ್ದಕ್ಕೂ ಒಮ್ಮೆ ಎಳೆದ. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿದ.

"ಈಗರ ಬರೀರಿ ರಾಯ್ರ," ಅಂದ. "ಈಗ ಕಾಗದದ ಕಿಮ್ಮತ್ತು ಹೋಗೂದಿಲ್ಲಲ್ಲ."

ಪೆನ್ನು ತೆಗೆದೆ. ಇಂಗ್ಲಿಷಿನಲ್ಲೋ ಎಂದು ಕೇಳಿದೆ.

"ಬ್ಯಾಡ. ಕನ್ನಡದಾಗ ಬರೀರಿ. ಭೀಮಬಾಯಿಗಿ ಕೊಡಬೇಕು, ಯಾರ ಕಡೀಂದರ ಓದಿಸ್ಕೋತಾಳ."

ಪೀರಪ್ಪ ಎಂದು ಬರೆದೆ. ಫಾರಮ್ಮಿನ ರೂಢಿಯಿಂದ ತಂದೆ ಎಂದು ಬರೆಯಹೋದವನ ಕೈ ಹಿಡಿದು, "ತಾಯಿ ಭೀಮಬಾಯಿ ಅನ್ರಿ" ಎಂದ. ಹಾಗೇ ಬರೆದೆ. ಪಕ್ಕದ ಚೌಕಕ್ಕೆ ರಾಮಲಿಂಗ ಎಂದು ಬರೆಸಿದ. ಬೆರಳು ಅಲ್ಲಿಂದ ತೆಗೆಯಲಿಲ್ಲ.

"ಇವನ ಬಾಜೂಕ ನನ್ನ ಹೆಸರೂ ಬರೀರಿ. ಗುಳಿಗಿ ಕೊಟ್ಟಾಂವ ಮಜೀದಸಾಬ ಅಂತ."

ಬೇಡವೆಂದೆ. ನೀವು ಬೇಕೆಂದು ಕೊಟ್ಟದ್ದಲ್ಲ ಎಂದೆ. ಅವನು ಬೆರಳು ತೆಗೆಯಲಿಲ್ಲ. ಬರೆದೆ.

ಆಮೇಲೆ ಅವನು ಹೇಳದಿದ್ದರೂ ಪೀರಪ್ಪನ ಚೌಕದ ಪಕ್ಕದಲ್ಲಿ ನನ್ನ ಹೆಸರು ಬರೆದೆ. ಹೆಸರು ಬರೆಯಲು ಒಪ್ಪದವನು ಬಸವಂತರಾಯ ಎಂದು. ಬ್ಯಾಡ ಅನ್ನುತ್ತಾನೆಂದು ಅವನ ಮುಖ ನೋಡುತ್ತ ಕಾದೆ. ಅನ್ನಲಿಲ್ಲ. ಮಸಿ ಆರುವವರೆಗೆ ಕೂತು, ಕಾಗದ ಮಡಚಿಕೊಂಡು ಬಸ್ಸಿಗೆ ಹೋದ.